ತೊಳೆದ ಬೇರು

ಮಾರ್ಚ್ 3, ಮಂಗಳವಾರ

ಇನ್ನು ಒಂದೇ ಒಂದು ಸಲ ಬೇರು ತೊಳೆದರೆ ನನ್ನ ಪಿಎಚ್‌ಡಿ ಪ್ರಬಂಧ ಮುಗಿದ ಹಾಗೆ. ನನ್ನ ಗೈಡ್ ಮೇಡಂ ಇವತ್ತು ಕೊನೆಯ ಅಧ್ಯಾಯದ ಕರಡನ್ನು ವಾಪಸು ಕೊಟ್ಟರು. ಕೆಂಪು ಗೆರೆಗಳು ಅಲ್ಲೊಂದು ಇಲ್ಲೊಂದು. "ಬೇರಿನ ಪ್ರಯೋಗ ಮಾತ್ರ ಹೊಸ ಗಿಡಗಳಲ್ಲಿ ಇನ್ನೊಂದ್ಸಲ ಮಾಡಿಬಿಡು. ಪರೀಕ್ಷಕರು ಬಾಯಿ ತೆಗೆಯೋ ಹಾಗಿರಬಾರದು," ಎಂದರು. ಕೊನೆಯ ಸೆಮಿನಾರು ಏಪ್ರಿಲ್ ಮೂವತ್ತಕ್ಕೆ. ಅದು ದಾಟಿದರೆ ಡಿಗ್ರಿ. ಡಿಗ್ರಿ ಬಂದರೆ ನಾನು ಪಾಠ ಮಾಡುವ ಕಾಲೇಜಿನ ಕೆಲಸ ಕಾಯಂ. ಬಾರದಿದ್ದರೆ ಜೂನ್‌ನಲ್ಲಿ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿದ್ದಾರೆ.

ಸೆಮಿನಾರಿಗೆ ಸಸ್ಯಶಾಸ್ತ್ರ ಬಾರದವರೂ ಬರುತ್ತಾರೆ. ಅವರಿಗೆ ಹೇಳುವ ಮಾತನ್ನು ಇಲ್ಲೇ ಅಭ್ಯಾಸ ಮಾಡುತ್ತೇನೆ. ಗಿಡದ ಜೀವಕೋಶದಲ್ಲಿ ಹೊಸದಾಗಿ ಹುಟ್ಟಿದ ಪ್ರೋಟೀನು ಇನ್ನೂ ಹಸಿಯಾಗಿರುತ್ತದೆ, ಹೊಲಿದು ಮುಗಿದ ಮೇಲೂ ದಾರ ಜೋತಾಡುವ ಅಂಗಿಯ ಹಾಗೆ. ಆ ದಾರ ಕತ್ತರಿಸಿ ಅದನ್ನು ಕೆಲಸಕ್ಕೆ ಬರುವಂತೆ ಮಾಡುವ ಕಿಣ್ವಗಳಿವೆ. ನಮ್ಮ ಲ್ಯಾಬಿನಲ್ಲಿ ಅವುಗಳನ್ನು ಕತ್ತರಿಗಳು ಎಂದೇ ಕರೆಯುವುದು. ಒಂದೊಂದು ಕತ್ತರಿಗೂ ಒಂದೊಂದು ಜೀನ್. ಆ ಜೀನ್ ಗಿಡದ ಮೈಯಲ್ಲೆಲ್ಲ ಇರುತ್ತದೆ, ಆದರೆ ಎಲ್ಲ ಕಡೆಯೂ ಬಾಯಿ ಬಿಡುವುದಿಲ್ಲ. ಒಂದು ಬೀಜದಲ್ಲಿ ಮಾತ್ರ ಮಾತಾಡುತ್ತದೆ, ಇನ್ನೊಂದು ಹೂವಿನಲ್ಲಿ ಮಾತ್ರ; ಈ ಎರಡಕ್ಕೂ ನನ್ನ ಪ್ರಬಂಧದಲ್ಲಿ ಒಂದೊಂದು ಸಣ್ಣ ಅಧ್ಯಾಯವಿದೆ. ಟೊಮೇಟೊ ಗಿಡದಲ್ಲಿ ನಾನು ಇಷ್ಟು ವರ್ಷ ಹಿಂದೆ ಬಿದ್ದಿರುವ ಕತ್ತರಿ ಬೇರಿನಲ್ಲಿ ಮಾತ್ರ ಮಾತಾಡುತ್ತದೆ. ಎಲೆ, ಕಾಂಡ, ಹೂವು, ಕಾಯಿ ಎಲ್ಲ ಕಡೆ ಮೂಕ. ಇದನ್ನು ಮೊದಲು ಕಂಡವರು ಮೇಡಂ. ಅವರ ಹೆಸರು ನಿಂತಿರುವುದೇ ಇದರ ಮೇಲೆ. ನಾನು ಆ ತಳಪಾಯಕ್ಕೆ ಮಹಡಿ ಕಟ್ಟಿದ್ದೇನೆ.

ಬೇರು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಮೇಡಂ ಹೇಳಿದ್ದು. ಎಲೆಯಾದರೆ ಕತ್ತರಿಸಿದ ತಕ್ಷಣ ದ್ರವ ಸಾರಜನಕಕ್ಕೆ ಹಾಕಬಹುದು, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕ್ಷಣದ ಸ್ಥಿತಿಯಲ್ಲೇ ಹೆಪ್ಪುಗಟ್ಟುತ್ತದೆ. ಬೇರಿಗೆ ಆ ಭಾಗ್ಯವಿಲ್ಲ. ಕುಂಡದಿಂದ ಬಿಡಿಸಬೇಕು, ನಲ್ಲಿಯ ಕೆಳಗೆ ಹಿಡಿಯಬೇಕು, ಬಣ್ಣ ಬಳಿಯುವ ಕುಂಚದಿಂದ ಎಳೆ ಎಳೆಯನ್ನೂ ಉಜ್ಜಬೇಕು, ಚಿಮಟದಿಂದ ಮರಳು ಹೆಕ್ಕಬೇಕು, ನೀರು ಬದಲಿಸಿ ಬದಲಿಸಿ ಜಾಲಾಡಬೇಕು. ಸಿಂಕಿನ ಮೇಲೆ ಮೇಡಂ ದಪ್ಪಕ್ಷರದಲ್ಲಿ ಬರೆಸಿ ಹಾಕಿದ್ದಾರೆ: "ಕೊಳಕು ಬೇರು ಕಸದ ಬುಟ್ಟಿಗೆ." ಮಣ್ಣಿನ ಕಣ ಉಳಿದರೆ ಜೀನಿನ ಮಾತು ಅಳೆಯುವ ಯಂತ್ರ ಕುರುಡಾಗುತ್ತದೆ ಎಂಬುದು ಅವರ ವಾದ. ಲೋಕದಲ್ಲಿ ಕೈ ಕೆಸರಾದರೆ ಬಾಯಿ ಮೊಸರು. ನಮ್ಮ ಲ್ಯಾಬಿನಲ್ಲಿ ಕೈ ಕೆಸರಾದರೆ ಕಿವಿ ತುಂಬ ಬೈಗುಳ. ಆ ಬೈಗುಳ ನನಗೆ ಒಂದು ದಿನವೂ ಬಿದ್ದಿಲ್ಲ.

ಮನೆಯಲ್ಲಿ ಮಗಳು ಇವತ್ತೂ ಮೌನಗೌರಿ. ಹದಿಮೂರು ತುಂಬಿದ ಮೇಲೆ ಅವಳ ಭಾಷೆ "ಹೂಂ", "ಉಹೂಂ" ಎರಡಕ್ಕೇ ಬಂದು ನಿಂತಿದೆ. ಅವಳ ಚೀಲ ತೆಗೆದು ಪುಸ್ತಕಗಳನ್ನು ಅಳತೆ ಪ್ರಕಾರ ಜೋಡಿಸಿದೆ, ಪೆನ್ಸಿಲ್ ಚೂಪು ಮಾಡಿದೆ. ಪರೀಕ್ಷೆ ಹೇಗಾಯಿತೆಂದು ಕೇಳಿದೆ, ಪಕ್ಕದಲ್ಲಿ ಯಾರು ಕೂತಿದ್ದರೆಂದು ಕೇಳಿದೆ, ಡಬ್ಬಿಯಲ್ಲಿ ಯಾಕೆ ಉಳಿಸಿದ್ದಾಳೆಂದು ಕೇಳಿದೆ. ಒಂದಕ್ಕೂ ನೆಟ್ಟಗೆ ಉತ್ತರವಿಲ್ಲ. ಅವರಪ್ಪನ ಕಡೆಯ ಹಟ, ಇನ್ನೇನು.

ಮಾರ್ಚ್ 10, ಮಂಗಳವಾರ

ಇವತ್ತಿನಷ್ಟು ದರಿದ್ರ ದಿನ ಇನ್ನೊಂದಿಲ್ಲ. ಗಿಡಗಳನ್ನು ಸಾಲಾಗಿಟ್ಟು, ಅರ್ಧ ಬೇರುಗಳನ್ನು ತೊಳೆದು ಮುಗಿಸಿದ್ದೆ. ನಲ್ಲಿ ಒಮ್ಮೆ ಗೊರಗೊರ ಎಂದಿತು, ನಿಂತೇಹೋಯಿತು. ಕೆಳಗೆ ಎಲ್ಲೋ ಪೈಪು ಒಡೆದಿದೆಯಂತೆ, ಸಂಜೆಯವರೆಗೆ ಇಡೀ ಕಟ್ಟಡಕ್ಕೆ ನೀರಿಲ್ಲವಂತೆ. ಡಬ್ಬದಲ್ಲಿ ದ್ರವ ಸಾರಜನಕ ಹೊಗೆಯಾಡುತ್ತಾ ಆವಿಯಾಗುತ್ತಿತ್ತು. ಮತ್ತೆ ತರಿಸಬೇಕೆಂದರೆ ಇನ್ನೊಂದು ವಾರ.

ನಮ್ಮ ಲ್ಯಾಬಿನ ಹೊಸ ಹುಡುಗಿ, ಮುಖಕ್ಕಿಂತ ಕನ್ನಡಕವೇ ದೊಡ್ಡದಾಗಿರುವುದರಿಂದ ಎಲ್ಲರ ಬಾಯಲ್ಲೂ ಕನ್ನಡಕ ಎಂದೇ ಆಗಿರುವವಳು, ಪಕ್ಕದಲ್ಲೇ ನಿಂತಿದ್ದಳು.

"ಅಕ್ಕ, ಮಣ್ಣು ಕೊಡವಿ ಹಾಗೇ ಹಾಕಿಬಿಡೋಣ. ವೇಸ್ಟ್ ಯಾಕೆ?"

"ಅಲ್ಲಿ ಗೋಡೆ ಮೇಲೆ ಏನ್ ಬರ್ದಿದೆ, ಓದಮ್ಮ."

"ಓದಿದೀನಿ ಅಕ್ಕ. ಕಸದ ಬುಟ್ಟಿಗೆ ಹಾಕೋ ಮುಂಚೆ ಒಂದ್ಸಲ ಮಷೀನಿಗೂ ಹಾಕೋಣ ಅಂತ."

ಎದುರು ಮಾತಾಡುವುದರಲ್ಲಿ ಈಗಿನವರಿಗೆ ಡಿಗ್ರಿಯೇ ಬೇಡ. ಆದರೂ ಸಾರಜನಕ ಹಾಳಾಗುತ್ತದಲ್ಲ ಎಂದು ಉಳಿದ ಗಿಡಗಳನ್ನು ಕಿತ್ತು, ಒಮ್ಮೆ ಕೊಡವಿ, ತೊಳೆಯದೆಯೇ ಅದ್ದಿದೆ. ಟ್ಯೂಬುಗಳ ಮೇಲೆ "ಕೊಳಕು" ಎಂದು ಬರೆದೆ. ಬರೆಯುವಾಗ ನಿಜವಾಗಿಯೂ ಅಸಹ್ಯವಾಯಿತು.

ಮಾರ್ಚ್ 12, ಗುರುವಾರ

ತೊಳೆದ ಬೇರುಗಳು ಎಂದಿನಂತೆ. ಜೀನ್ ಮಾತಾಡಿದರೆ ಯಂತ್ರದ ತೆರೆಯ ಮೇಲೆ ಗೆರೆ ಗುಡ್ಡ ಹತ್ತುತ್ತದೆ, ಮೂಕವಾದರೆ ನೆಲಕ್ಕಂಟಿ ಸಾಗುತ್ತದೆ. ನನ್ನ ಗೆರೆಗಳು ಚೆನ್ನಾಗಿ ಹತ್ತಿದವು. "ಕೊಳಕು" ಬೇರುಗಳ ಗೆರೆಗಳು ಮಾತ್ರ ನೆಲ ಬಿಟ್ಟು ಏಳಲೇ ಇಲ್ಲ.

"ನೋಡಿದ್ಯಾ? ಇದಕ್ಕೇ ಮೇಡಂ ಬೇಡ ಅನ್ನೋದು," ಎಂದು ಕನ್ನಡಕಕ್ಕೆ ಹೇಳಿದೆ. ಅವಳು ತೆರೆಯ ಕಡೆ ಬಗ್ಗಿ, "ಆದ್ರೆ ಅಕ್ಕ, ಇದು ಎದ್ದಿದೆಯಲ್ಲ?" ಎಂದಳು. ಗಿಡದ ಎಲ್ಲ ಭಾಗದಲ್ಲೂ ಯಾವಾಗಲೂ ವಟಗುಟ್ಟುವ ಒಂದು ಜೀನ್ ಇದೆ. ಮಾದರಿ ಸರಿಯಿದೆಯೋ ಕೆಟ್ಟಿದೆಯೋ ತಿಳಿಯಲು ಅದನ್ನೂ ಜೊತೆಗೆ ಅಳೆಯುತ್ತೇವೆ. ಯಂತ್ರ ಮಣ್ಣಿಗೆ ಕುರುಡಾಗಿದ್ದರೆ ಅದೂ ಕಾಣಬಾರದಿತ್ತು. ಅದು ಚೆನ್ನಾಗಿಯೇ ಕಾಣುತ್ತಿತ್ತು.

ಕನ್ನಡಕ ಟ್ಯೂಬು ಅದಲು ಬದಲು ಮಾಡಿದ್ದಾಳೆ, ಅನುಮಾನವೇ ಇಲ್ಲ. ಬೈದೆ. ಮುಖ ಸಣ್ಣದು ಮಾಡಿಕೊಂಡು ಹೋದಳು.

ಮಾರ್ಚ್ 16, ಸೋಮವಾರ

ಯಾರನ್ನೂ ಹತ್ತಿರ ಸೇರಿಸದೆ ಎಲ್ಲವನ್ನೂ ನಾನೇ ಮಾಡಿದೆ. ಒಂದೇ ಗಿಡದ ಬೇರನ್ನು ಎರಡು ಪಾಲು ಮಾಡಿ ಒಂದನ್ನು ತೊಳೆದೆ, ಒಂದನ್ನು ಕಿತ್ತ ಕೂಡಲೇ ಹೆಪ್ಪುಗಟ್ಟಿಸಿದೆ.

ತೊಳೆದದ್ದು ಗುಡ್ಡ ಹತ್ತಿತು. ತೊಳೆಯದ್ದು ನೆಲ.

ಟ್ಯೂಬು ಅದಲುಬದಲಾಗಿಲ್ಲ. ಕನ್ನಡಕ ಇವತ್ತು ನನ್ನ ಕಡೆ ನೋಡಲೇ ಇಲ್ಲ.

ಮಾರ್ಚ್ 17, ಮಂಗಳವಾರ

ಲ್ಯಾಬಿನದು ಸಾಲದು ಎಂದು ಮನೆಯಲ್ಲೂ ಒಂದು ಸಿಡಿಲು. ಇವರು ಮಗಳ ಶಾಲೆಯಲ್ಲೇ ಡ್ರಿಲ್ ಮಾಸ್ತರು. ಊಟವಾಗಿ ಅವಳು ಕೋಣೆಗೆ ಹೋದ ಮೇಲೆ ಕೈ ಒರೆಸಿಕೊಳ್ಳುತ್ತಾ, "ಇವತ್ತು ನಿನ್ನ ಮಗಳನ್ನ ಕ್ಲಾಸಿಂದ ಆಚೆ ನಿಲ್ಸಿದ್ರು ಕಣೇ," ಎಂದರು.

"ಅಯ್ಯೋ, ಯಾಕ್ರೀ? ಏನ್ಮಾಡಿದ್ಲು?"

"ಇನ್ನೇನು, ಮಾತು. ಅವಳ ಬಾಯಿ ಮುಚ್ಚಿಸೋಕೆ ಆಗಲ್ಲ ಅಂತ ಟೀಚರುಗಳೆಲ್ಲ ನನ್ನ ಹತ್ರ ಬಂದು ಗೋಳಾಡ್ತಾರೆ. ಶಾಲೆಗೆಲ್ಲ ಅವಳೇ ರೇಡಿಯೋ."

"ನಮ್ಮ ಮಗಳಾ? ಬೇರೆ ಯಾರನ್ನೋ ಹೇಳ್ತಿರಬೇಕು."

"ನನ್ನ ಮಗಳ ಗುರುತು ನಂಗಿಲ್ವೇನೇ? ಎಲ್ಲರ ಥರಾನೂ ಮಾತಾಡಿ ತೋರಿಸ್ತಾಳೆ. ಹೆಡ್ಮಾಸ್ಟ್ರು, ಗಣಿತದ ಮೇಷ್ಟ್ರು, ನಾನು..." ಸ್ವಲ್ಪ ತಡೆದು, "ನೀನೂನೂ," ಎಂದರು.

"ನಾನಾ? ನನ್ನ ಥರ ಏನ್ ಮಾಡ್ತಾಳೆ?"

"ಚೀಲ ತೆಗೆದು ಒಂದೊಂದೇ ಪುಸ್ತಕ ಊದಿ, ಒರೆಸಿ, ಜೋಡಿಸ್ತಾಳೆ. ಹುಡುಗ್ರೆಲ್ಲ ಬಿದ್ದು ಬಿದ್ದು ನಗ್ತಾರೆ. ನಂಗೂ ನಗು ಬಂತು, ಸುಳ್ಳು ಯಾಕೆ ಹೇಳ್ಲಿ."

ಗರ ಬಡಿದವಳ ಹಾಗೆ ಕೂತೆ. ಹೆತ್ತವಳಿಗೇ ಗೊತ್ತಿಲ್ಲದ ಬಾಯಿ! ಮನೆಗೆ ಮಾರಿ, ಊರಿಗೆ ಉಪಕಾರಿ. ಶಾಲೆಯೇ ಸರಿಯಿಲ್ಲ, ಶಿಸ್ತಿಲ್ಲ, ಅಲ್ಲಿ ಸೇರಿ ಹೀಗಾಗಿದ್ದಾಳೆ ಎಂದೆ. ಇವರು ಎದ್ದುಹೋದರು. ನಾನು ಅವಳ ಚೀಲವನ್ನು ಇನ್ನೊಮ್ಮೆ ತೆಗೆದು ನೋಡಿದೆ. ಅದರಲ್ಲಿ ಪುಸ್ತಕ ಬಿಟ್ಟು ಬೇರೇನೂ ಇರಲಿಲ್ಲ.

ಮಾರ್ಚ್ 20, ಶುಕ್ರವಾರ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಈ ವಾರವೆಲ್ಲ ನೆಲವನ್ನೇ ಪರೀಕ್ಷೆ ಮಾಡಿದೆ. ಮಣ್ಣು ಜೀನಿನ ಸದ್ದನ್ನು ನುಂಗುತ್ತಿದೆಯೋ ಎಂದು ತೊಳೆದ ಬೇರಿಗೆ ಬೇಕೆಂದೇ ಮಣ್ಣು ಬೆರೆಸಿ ಅರೆದು ನೋಡಿದೆ. ಇದು ಕನ್ನಡಕ ಕೊಟ್ಟ ಉಪಾಯ. ಬೈಸಿಕೊಂಡವಳು ತಾನಾಗಿ ಬಂದು ಹೇಳಿದಳು, ಅದಕ್ಕೂ ದೊಡ್ಡ ಮನಸ್ಸು ಬೇಕು. ಮಣ್ಣು ಬೆರೆಸಿದರೂ ಗೆರೆ ಎದ್ದಿತು. ಅಂದರೆ ಮಣ್ಣಿನ ತಪ್ಪಿಲ್ಲ, ಯಂತ್ರದ ತಪ್ಪೂ ಇಲ್ಲ.

ಮಧ್ಯಾಹ್ನ ಕುಂಚ ಹಿಡಿದು ಬೇರು ಉಜ್ಜುತ್ತಿದ್ದೆ. ನನ್ನ ಕೈಯನ್ನೇ ನೋಡಿದೆ. ನೀರು ಸುರಿಯುತ್ತಿತ್ತು, ಬೇರಿನ ಎಳೆ ಕುಂಚದ ಕೆಳಗೆ ಬಾಗುತ್ತಿತ್ತು, ತುದಿಗಳು ಅಲ್ಲಲ್ಲಿ ಮುರಿಯುತ್ತಿದ್ದವು. ಎಲೆಯನ್ನು ನಾವು ಮುಟ್ಟಿದೆವೋ ಇಲ್ಲವೋ ಎನ್ನುವಷ್ಟರಲ್ಲಿ ಹೆಪ್ಪುಗಟ್ಟಿಸುತ್ತೇವೆ. ಬೇರನ್ನು ಮಾತ್ರ ಇಷ್ಟು ಹೊತ್ತು ಹಿಂಸೆ ಮಾಡುತ್ತೇವೆ, ಅದು ಜೀವಂತವಾಗಿರುವಾಗಲೇ.

ಕುಂಚ ಕೆಳಗಿಟ್ಟೆ.

ಎಲೆಯನ್ನೂ ಬೇರಿನ ಹಾಗೆಯೇ ತೊಳೆದು ನೋಡಬೇಕು. ಯಾರೂ ಇಲ್ಲಿಯವರೆಗೆ ಎಲೆ ತೊಳೆದಿಲ್ಲ. ಎಲೆಗೆ ಮಣ್ಣಿರುವುದಿಲ್ಲ, ಯಾಕೆ ತೊಳೆಯುತ್ತಾರೆ?

ಮಾರ್ಚ್ 24, ಮಂಗಳವಾರ

ಎಲೆ ಮಾತಾಡಿತು.

ಮಾರ್ಚ್ 25, ಬುಧವಾರ

ಕಾಂಡವನ್ನೂ ತೊಳೆದೆ. ಅದೂ ಮಾತಾಡಿತು.

ಮಾರ್ಚ್ 27, ಶುಕ್ರವಾರ

ಬರೆಯಲು ಕೂತರೆ ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ.

ನನ್ನ ಜೀನ್ ಬೇರಿನ ಜೀನ್ ಅಲ್ಲ. ಮೈಗೆ ಏಟು ಬಿದ್ದರೆ ಏಳುವ ಜೀನ್. ಬೇರಾಗಲಿ ಎಲೆಯಾಗಲಿ, ಉಜ್ಜಿದರೆ, ತಿಕ್ಕಿದರೆ, ಮುರಿದರೆ ಏಳುತ್ತದೆ. ಸುಮ್ಮನೆ ಬಿಟ್ಟರೆ ಎಲ್ಲ ಕಡೆಯೂ ಮಲಗಿರುತ್ತದೆ. ನಾವು ಅಳೆದದ್ದು ಬೇರನ್ನಲ್ಲ, ನಮ್ಮ ತೊಳೆಯುವಿಕೆಯನ್ನು. ನಾನು ಎಷ್ಟು ಶ್ರದ್ಧೆಯಿಂದ ತೊಳೆದೆನೋ ಅಷ್ಟು ಎತ್ತರಕ್ಕೆ ಗೆರೆ ಎದ್ದಿದೆ. ಲ್ಯಾಬಿನಲ್ಲಿ ಎಲ್ಲರಿಗಿಂತ ಚೆಂದದ ಗ್ರಾಫು ನನ್ನದೇ ಯಾಕಿತ್ತು ಎಂದು ಈಗ ಗೊತ್ತಾಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಗಾದೆ ಕೇಳಿದ್ದೆ. ನನ್ನದು ಅದಕ್ಕಿಂತ ಕಡೆ. ಹುಣಸೆಹಣ್ಣು ಸುಮ್ಮನೆ ಕರಗಿಹೋಗುತ್ತದೆ, ನಾನು ಸುಳ್ಳನ್ನು ತೊಳೆದು ತೊಳೆದು ಹೊಳೆಯುವಂತೆ ಮಾಡಿದ್ದೇನೆ.

ಪ್ರಬಂಧದ ಹೆಸರೇ "ಬೇರಿಗೆ ಸೀಮಿತವಾದ" ಎಂದು ಶುರುವಾಗುತ್ತದೆ. ಮುದ್ರಣಕ್ಕೆ ಸಿದ್ಧವಾಗಿ ಮೇಜಿನ ಮೇಲೆ ಕೂತಿದೆ. ಅದನ್ನು ನೋಡಿದರೆ ಅಳು ಬರುತ್ತದೆ, ಅಳಲೂ ಆಗುತ್ತಿಲ್ಲ.

ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಹೋದಳು. ಏನು ಬೇಕೆಂದು ಕೇಳಲಿಲ್ಲ. ಕೇಳುವ ಶಕ್ತಿ ಇರಲಿಲ್ಲ.

ಮಾರ್ಚ್ 31, ಮಂಗಳವಾರ

ಮೇಡಂಗೆ ಹೇಳಿದೆ. ಅವರ ಕೋಣೆಯಲ್ಲಿ ಎರಡು ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟೆ. ತೊಳೆಯದ ಬೇರು ಒಂದು, ತೊಳೆದ ಎಲೆ ಒಂದು. ಬಾಯಿಪಾಠ ಮಾಡಿಕೊಂಡು ಹೋದ ಮಾತೆಲ್ಲ ಮರೆತುಹೋಗಿ, "ಇದು ಬೇರಲ್ಲ ಮೇಡಂ, ಇದು ಕುಂಚ," ಎಂದುಬಿಟ್ಟೆ.

ಅವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಬಾಗಿಲು ಹಾಕು."

ಹಾಕಿದೆ.

"ಯಾರಿಗೆ ಹೇಳಿದೀಯ?"

"ಕನ್ನಡಕಕ್ಕೆ ಗೊತ್ತು. ಅವಳೇ ಮೊದಲು ನೋಡಿದ್ದು."

"ನಿನ್ನ ಕೈ ತಪ್ಪಿರುತ್ತೆ."

"ನಾಲ್ಕೈದು ಸಲ ಮಾಡಿದೀನಿ ಮೇಡಂ."

"ನಿನ್ನ ಕೈ ತಪ್ಪಿರುತ್ತೆ ಅಂದೆ!" ಮೇಜು ಗುದ್ದಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಆಮೇಲೆ ಅವರೇ ತಣ್ಣಗಾಗಿ, ಕಿಟಕಿ ಕಡೆ ತಿರುಗಿ, "ಶನಿವಾರ ಗಿಡ ತಯಾರಿಡು. ನಾನೇ ತೊಳೀತೀನಿ," ಎಂದರು.

ಏಪ್ರಿಲ್ 4, ಶನಿವಾರ

ರಜೆಯಾದ್ದರಿಂದ ಲ್ಯಾಬಿನಲ್ಲಿ ನಾವಿಬ್ಬರೇ. ಮೇಡಂ ಸೀರೆಯ ಸೆರಗು ಸಿಕ್ಕಿಸಿ, ತೋಳು ಮಡಚಿ ಸಿಂಕಿನ ಮುಂದೆ ನಿಂತರು. ಅವರು ಬೇರು ತೊಳೆಯುವುದನ್ನು ನಾನು ನೋಡಿದ್ದು ಇವತ್ತೇ. ನಮಗೆಲ್ಲ ಬಾಯಲ್ಲಿ ಹೇಳಿಕೊಟ್ಟವರು, ಕುಂಚ ಮುಟ್ಟಿ ಎಷ್ಟೋ ವರ್ಷವಾಗಿರಬೇಕು. ಒಂದೊಂದು ಕಣ ಹೆಕ್ಕಲೂ ನನಗಿಂತ ಎಷ್ಟೋ ಹೊತ್ತು ಹಿಡಿಯಿತು.

"ನಾನು ಮಾಡ್ಲಾ ಮೇಡಂ?" ಎಂದೆ.

"ಮುಟ್ಟಬೇಡ."

ಮುಟ್ಟಲಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತು ನೀರಿನ ಬಟ್ಟಲು ಬದಲಿಸುತ್ತಿದ್ದೆ. ಒಂದು ಬೇರು ಅವರ ಕೈಯಲ್ಲಿ ಪಟಕ್ಕೆಂದು ಮುರಿಯಿತು. ಇಬ್ಬರೂ ನೋಡಿದೆವು.

ತೊಳೆಯದ ಬೇರುಗಳನ್ನೂ ಅವರೇ ಕಿತ್ತು ಅದ್ದಿದರು.

ಏಪ್ರಿಲ್ 9, ಗುರುವಾರ

ಮೇಡಂ ತೊಳೆದ ಬೇರಿನ ಗೆರೆ ಎಲ್ಲಕ್ಕಿಂತ ಎತ್ತರಕ್ಕೆ ಹತ್ತಿತು. ತೊಳೆಯದ್ದು ನೆಲ. ಅವರ ಕೈಯಲ್ಲೂ ಅದೇ.

ಅವರು ತೆರೆಯ ಮುಂದೆಯೇ ಕೂತಿದ್ದರು. ನಾನು ಗೆದ್ದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಆಮೇಲೆ ತಿರುಗದೆಯೇ ಹೇಳಿದರು. "ಒಂದು ಕೆಲಸ ಮಾಡು. ಪ್ರಬಂಧ ಇದ್ದ ಹಾಗೇ ಕೊಡು. ಡಿಗ್ರಿ ಕೈಗೆ ಬರಲಿ, ನಿನ್ನ ಕೆಲಸ ಕಾಯಂ ಆಗಲಿ. ಮುಂದಿನ ವರ್ಷ ನಾವಿಬ್ಬರೂ ಸೇರಿ ತಿದ್ದುಪಡಿ ಬರೆಯೋಣ. ಸುಳ್ಳು ಹೇಳು ಅಂತ ಹೇಳ್ತಿಲ್ಲ. ಸ್ವಲ್ಪ ತಡವಾಗಿ ನಿಜ ಹೇಳು ಅಂತಿದೀನಿ."

"ಸೆಮಿನಾರ್‌ನಲ್ಲಿ ಏನ್ ತೋರಿಸ್ಲಿ ಮೇಡಂ?"

"ಹಳೇ ಗ್ರಾಫು. ಅವೂ ನಿಜವಾಗಿ ಬಂದಿದ್ದೇ ತಾನೆ?"

ಹೌದು, ನಿಜವಾಗಿ ಬಂದದ್ದೇ. ಅದೇ ನನ್ನನ್ನು ತಿನ್ನುತ್ತಿರುವುದು. ಕೈಗೆ ಬಂದ ತುತ್ತು ಬಾಯಿಗೆ ಬರಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕು, ಇದೆಂಥ ವಿಚಿತ್ರ! ಯೋಚಿಸಿ ಹೇಳುತ್ತೇನೆಂದು ಬಂದೆ.

ಏಪ್ರಿಲ್ 11, ಶನಿವಾರ

ಇವರಿಗೆ ಎಲ್ಲ ಹೇಳಿದೆ. ಜೀನು, ಕತ್ತರಿ ಎಂದರೆ ಆಕಳಿಸುವವರು ಇವತ್ತು ಆಕಳಿಸಲಿಲ್ಲ.

"ಮೇಡಂ ಹೇಳಿದ ಹಾಗೆ ಮಾಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಎಂದರು.

"ಇಲ್ಲ."

"ಮಾಡದಿದ್ರೆ ಕೆಲಸ ಹೋಗುತ್ತಾ?"

"ಹೋಗುತ್ತೆ."

ತಲೆ ಕೆರೆದುಕೊಂಡರು. "ನಾನೇನ್ ಹೇಳ್ಲಿ ಕಣೇ? ಮಕ್ಕಳು ಓಟದಲ್ಲಿ ಗೆರೆ ತುಳಿದು ಓಡಿದ್ರೆ ನಾನು ಸೀಟಿ ಊದ್ತೀನಿ. ಆದ್ರೆ ಅದು ಅವರ ಮನೆ ಅಕ್ಕಿ ಅಲ್ಲವಲ್ಲ. ನೀನು ಕೆಲಸ ಬಿಟ್ರೂ ಹೇಗೋ ನಡೆಯುತ್ತೆ ಅಂತ ಸುಲಭವಾಗಿ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಕಷ್ಟ ಆಗುತ್ತೆ. ಆದ್ರೂ ನಡೆಯುತ್ತೆ."

ಸುಳ್ಳು ಸಮಾಧಾನ ಹೇಳಲಿಲ್ಲ, ಅದೇ ಸಮಾಧಾನವಾಯಿತು. ಮಗಳ ಚೀಲ ಬಾಗಿಲ ಬಳಿ ಬಾಯಿ ತೆರೆದು ಬಿದ್ದಿತ್ತು. ದಾಟಿಕೊಂಡು ಒಳಗೆ ಹೋಗಿ ಮಲಗಿದೆ.

ಏಪ್ರಿಲ್ 17, ಶುಕ್ರವಾರ

ಸೆಮಿನಾರಿನಲ್ಲಿ ನಿಜವನ್ನೇ ಹೇಳುವುದೆಂದು ಹೊಸ ಚಿತ್ರಗಳನ್ನು ಜೋಡಿಸಿ ಮೇಡಂಗೆ ತೋರಿಸಿದೆ. ತೊಳೆಯದ ಬೇರು, ತೊಳೆದ ಎಲೆ, ತೊಳೆದ ಕಾಂಡ. ಅವರೇ ತೊಳೆದ ಬೇರನ್ನೂ ಸೇರಿಸಲೇ ಎಂದು ಕೇಳಿದೆ.

"ನಿನ್ನಿಷ್ಟ," ಎಂದರು. ಅಷ್ಟೇ. ಬೇರೆ ಕಡತ ತೆರೆದರು. ಬಂದುಬಿಟ್ಟೆ. ಅವರಿಲ್ಲದೆ ನನಗೆ ಈ ವಿದ್ಯೆಯೇ ಇಲ್ಲ. ಅವರಿಗೆ ಹೀಗೆ ಮಾಡುತ್ತಿದ್ದೇನಲ್ಲ ಎಂದು ಮೆಟ್ಟಿಲಲ್ಲಿ ಕೂತು ಅತ್ತೆ. ಕನ್ನಡಕ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ನಾನು ಅವತ್ತು ಸುಮ್ಮನೆ ಬೈದೆ ಎಂದು ಹೇಳಿದೆ. "ಗೊತ್ತು ಅಕ್ಕ," ಎಂದಳು.

ಏಪ್ರಿಲ್ 22, ಬುಧವಾರ

ಇವತ್ತು ವಿಶೇಷವೇನಿಲ್ಲ. ಸೆಮಿನಾರಿನ ಮಾತನ್ನು ಗೋಡೆಗೆ ಹೇಳಿ ಹೇಳಿ ಗಂಟಲು ಕಟ್ಟಿದೆ. ಆ ಕಾರಣಕ್ಕೆ ಊಟದ ಹೊತ್ತಿಗೆ ನಾನು ಮಾತಾಡಲಿಲ್ಲ. ಮಗಳು ಅವಳ ಶಾಲೆಯಲ್ಲಿ ಗಂಟೆ ಹೊಡೆಯುವವರ ಬೂಟಿನಲ್ಲಿ ಕಪ್ಪೆ ಸೇರಿಕೊಂಡದ್ದನ್ನು ಹೇಳಿದಳು; ಆಮೇಲೆ ಆ ಕಪ್ಪೆಯ ಹಾಗೆ, ಗಂಟೆಯವರ ಹಾಗೆ, ಹೆಡ್ಮಾಸ್ಟರ ಹಾಗೆ ಮಾಡಿ ತೋರಿಸಿದಳು. ತಟ್ಟೆ ಒಣಗುವವರೆಗೂ ಕೂತಿದ್ದೆವು. ಇಲ್ಲಿ ಬರೆಯುವಂಥದ್ದೇನೂ ಅಲ್ಲ. ನಾಳೆ ಪರದೆಗೆ ಹಾಕುವ ಚಿತ್ರಗಳ ಅಕ್ಷರ ದೊಡ್ಡದು ಮಾಡಬೇಕು.

ಏಪ್ರಿಲ್ 30, ಗುರುವಾರ

ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ. ಯಾರದ್ದೇ ಕೊನೆಯ ಸೆಮಿನಾರು ಇರಲಿ, ಮೇಡಂ ಕೈಯಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳೆಲ್ಲ ಎಲ್ಲೆಲ್ಲಿಂದಲೋ ಬಂದು ಮುಂದಿನ ಎರಡು ಸಾಲಿನಲ್ಲಿ ಕೂರುತ್ತಾರೆ. ಇವತ್ತೂ ಬಂದಿದ್ದರು. ಈಗ ಅವರೆಲ್ಲ ದೊಡ್ಡ ದೊಡ್ಡ ಹುದ್ದೆಯವರು, ಕೆಲವರ ಕೂದಲು ಬೆಳ್ಳಗಾಗಿದೆ. ಎಲ್ಲರೂ ಒಂದು ಕಾಲದಲ್ಲಿ ಅದೇ ಸಿಂಕಿನಲ್ಲಿ ಬೇರು ತೊಳೆದವರು. ನನ್ನನ್ನು ನೋಡಿ ನಕ್ಕರು, ಹೆಬ್ಬೆರಳು ತೋರಿಸಿದರು. ಮೇಡಂ ಪಕ್ಕದ ಮೇಜಿನ ಹಿಂದೆ ಕೂತಿದ್ದರು. ನಡುವೆ ಹೊರಗಿನಿಂದ ಬಂದ ಪರೀಕ್ಷಕರು, ಮೀಸೆಯವರು.

ಹಳೆಯ ಗ್ರಾಫುಗಳನ್ನು ಮೊದಲು ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ತೊಳೆಯದ ಬೇರು ತೋರಿಸಿದೆ. ತಲೆಗಳು ನಿಂತವು. ತೊಳೆದ ಎಲೆ ತೋರಿಸಿದಾಗ ಯಾರೋ "ಅಯ್ಯೋ" ಎಂದದ್ದು ಕೇಳಿಸಿತು. ನಾನು ಓದಿ ಮುಗಿಸಿದೆ. "ಈ ಜೀನ್ ಬೇರಿಗೆ ಸೀಮಿತವಲ್ಲ. ನಾವು ಇಷ್ಟು ದಿನ ಕಂಡದ್ದು ಬೇರಿನ ಗುಣವನ್ನಲ್ಲ, ತೊಳೆಯುವಾಗ ನಾವು ಮಾಡಿದ ಗಾಯವನ್ನು."



ಮೀಸೆಯವರು ನನ್ನ ದಪ್ಪ ಪ್ರಬಂಧವನ್ನು ಎತ್ತಿ ಹಿಡಿದರು. "ಹಾಗಾದ್ರೆ ಇದರಲ್ಲಿ ಉಳಿಯೋದು ಏನಮ್ಮ?"

"ಬೀಜದ ಕತ್ತರಿ, ಹೂವಿನ ಕತ್ತರಿ, ಅವೆರಡು ಉಳಿಯಬಹುದು ಸರ್. ಅವನ್ನೂ ಮತ್ತೆ ನೋಡಬೇಕು. ಬೇರಿನ ಅಧ್ಯಾಯಗಳು ಉಳಿಯಲ್ಲ."

"ಈ ರೂಪದಲ್ಲಿ ನಾನು ಒಪ್ಪಿಕೊಳ್ಳೋಕೆ ಆಗಲ್ಲ. ಹೊಸದಾಗಿ ಮಾಡಿ ತರಬೇಕು. ಒಂದು ವರ್ಷವಾದ್ರೂ ಬೇಕಾಗುತ್ತೆ."

"ಗೊತ್ತು ಸರ್."

ಗೊತ್ತಿತ್ತು, ಆದರೂ ಬೇರೆಯವರ ಬಾಯಲ್ಲಿ ಕೇಳುವುದೇ ಬೇರೆ. ಜೂನ್‌ನಲ್ಲಿ ನನ್ನ ಕುರ್ಚಿಯಲ್ಲಿ ಇನ್ಯಾರೋ ಕೂರುತ್ತಾರೆ. ಮೀಸೆಯವರು ಮೇಡಂ ಕಡೆ ತಿರುಗಿ, "ಮಾರ್ಗದರ್ಶಕರು ಏನಾದ್ರೂ ಹೇಳೋದಿದೆಯಾ?" ಎಂದರು.

ಮೇಡಂ ಎದ್ದರು. ನನ್ನ ಕಡೆ ನೋಡಲಿಲ್ಲ. ಈಗ ನನ್ನ ಕೈ ತಪ್ಪಿದೆ ಎನ್ನುತ್ತಾರೆ ಎಂದುಕೊಂಡೆ. ಅಂದರೂ ಸಹಿಸಿಕೊಳ್ಳಬೇಕು ಎಂದುಕೊಂಡೆ. ಅವರು ಮುಂದಿನ ಎರಡು ಸಾಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ನಿಮ್ಮನ್ನೆಲ್ಲ ಒಂದು ಮಾತು ಕೇಳ್ತೀನಿ," ಎಂದರು. "ಹೆದರಬೇಡಿ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವಾಗ, ಒಂದೇ ಒಂದ್ಸಲನಾದ್ರೂ, ಯಾರಿಗಾದ್ರೂ ಬೇರಿನ ಗೆರೆ ಏಳದೆ ಖಾಲಿ ಬಂದಿತ್ತಾ?"

ಆಮೇಲೆ ತುದಿಯಲ್ಲಿ ಕೂತಿದ್ದ, ಈಗ ತಾವೇ ಒಂದು ಲ್ಯಾಬು ನಡೆಸುವ ಬಿಳಿಗೂದಲಿನವರು ಕೈ ಎತ್ತಿದರು. ಶಾಲೆಯ ಹುಡುಗನ ಹಾಗೆ, ಅರ್ಧ. "ಬಂದಿತ್ತು ಮೇಡಂ. ಅವಸರದಲ್ಲಿ ಸರಿಯಾಗಿ ತೊಳೆದಿರಲಿಲ್ಲ. ನನ್ನ ತಪ್ಪು ಅಂತ ಎಸೆದುಬಿಟ್ಟೆ."

"ನಂದೂ," ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಕೈ ಎತ್ತಿದರು. "ನಿಮಗೆ ಹೇಳೋಕೆ ಭಯ ಆಯ್ತು."

ಅವರ ಪಕ್ಕದವರು ಎತ್ತಿದರು. ಮತ್ತೊಬ್ಬರು. ನಡುವಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ಎತ್ತಿದರು. ನಾನು ನೋಡುತ್ತಲೇ ಇದ್ದೆ. ಎರಡು ಸಾಲಿನಲ್ಲಿ ಕೆಳಗಿದ್ದ ಕೈಗಳೇ ಕಡಿಮೆ. ಇಷ್ಟು ಜನಕ್ಕೆ ನಿಜ ಸಿಕ್ಕಿತ್ತು! ಸಿಕ್ಕಿದ ದಿನವೇ ಪ್ರತಿಯೊಬ್ಬರೂ ಅದನ್ನು ತಮ್ಮ ತಪ್ಪೆಂದು ಎತ್ತಿ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಮತ್ತೆ ಶ್ರದ್ಧೆಯಿಂದ ಬೇರು ಉಜ್ಜಲು ನಿಂತಿದ್ದರು.

ಮೀಸೆಯವರು ಏನೋ ಹೇಳಲು ಹೋದರು. ಮೇಡಂ ತಡೆದರು.

ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆಯೇ ತಮ್ಮ ಕೈಯನ್ನೂ ಎತ್ತಿದರು.

"ನನ್ನ ಮೊಟ್ಟಮೊದಲನೇ ಬೇರು," ಎಂದರು. "ತೊಳೆದಿರಲಿಲ್ಲ. ಆಗ ತೊಳೆಯೋ ನಿಯಮ ಇರಲಿಲ್ಲ. ಖಾಲಿ ಬಂತು. ಕೊಳಕಾಗಿತ್ತು, ಅದಕ್ಕೇ ಖಾಲಿ ಅಂದ್ಕೊಂಡೆ. ಮಾರನೇ ದಿನ ಆ ನಿಯಮ ಮಾಡಿದೆ."